ಹವ್ಯಾಸಿ ಮೀನುಗಾರಿಕೆ: ಮೊದಲ ಪ್ರಶ್ನೆ ‘ನೀರು ಯಾರದು?’

ಪ್ರವಾಸೋದ್ಯಮವು ಕರಾವಳಿಯಲ್ಲಿ ವಿಸ್ತರಿಸುತ್ತಿರುವಂತೆ, ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸವನ್ನೂ ಒಂದು ಸೇವೆಯಾಗಿ ಒದಗಿಸುವ ಯೋಚನೆ ಉದ್ಯಮಿಗಳಲ್ಲಿ ಮೂಡುವುದು ಸಹಜ. ನಂತೂರು ವೃತ್ತದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗಿದರೆ ಕೂಳೂರಿನಲ್ಲಿ ಫಲ್ಗುಣಿ, ದಕ್ಷಿಣಕ್ಕೆ ಸಾಗಿದರೆ ಜಪ್ಪಿನಮೊಗರು ದಾಟುತ್ತಲೇ ನೇತ್ರಾವತಿ. ನೀರಿಗೆ ಕೊರತೆಯಿಲ್ಲ. ಆದರೆ ಎಲ್ಲ ನೀರಿಗೂ ಸಲ್ಲುವ ಒಂದೇ ಪರವಾನಿಗೆ ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ 13 ವರ್ಷ ಮೇಲ್ಪಟ್ಟವರು ಸಿಹಿನೀರಿನಲ್ಲಿ ಗಾಳ ಹಾಕಲು ಸರಕಾರಿ ಲೈಸೆನ್ಸ್ ಪಡೆಯಬೇಕು. ಅಲ್ಲಿಯೂ ನೀರಿನ ಒಡೆಯನ ಅನುಮತಿ ಬೇರೆಯೇ. ಈ ತತ್ತ್ವವು ಇಲ್ಲಿಗೂ ಅನ್ವಯಿಸುತ್ತದೆ.

ನಂತೂರಿನಲ್ಲಿ ಕಚೇರಿ ಹೊಂದಿರುವ ಪ್ರವಾಸ ಸಂಸ್ಥೆಯೊಂದು ನದಿ, ಖಾಸಗಿ ಕೊಳ ಮತ್ತು ಅಭಯಾರಣ್ಯ ಎಂಬ ಮೂರು ಸ್ಥಳಗಳಲ್ಲಿ ಗಾಳದ ಪ್ರವಾಸ ಏರ್ಪಡಿಸಲು ಉದ್ದೇಶಿಸಿದೆ ಎಂದು ಭಾವಿಸೋಣ.

1. ನದಿ ಮತ್ತು ಕೆರೆ

ರಾಜ್ಯದ ಒಳನಾಡಿನ ಸಾರ್ವಜನಿಕ ನೀರಿಗೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆ ಅನ್ವಯಿಸುತ್ತದೆ. ನದಿಯಲ್ಲಿ ಮೀನು ಹಿಡಿಯಲು ಪರವಾನಿಗೆ ನೀಡುವುದು ಮೀನುಗಾರಿಕಾ ಇಲಾಖೆ. ಕೆರೆಗಳ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಹರಾಜಿನಲ್ಲಿ ಪಡೆದವರಿಗೋ ಗುತ್ತಿಗೆಯಾಗಿರುತ್ತದೆ. ಗುತ್ತಿಗೆದಾರರೊಡನೆ ಒಪ್ಪಂದ ಮಾಡುವ ಮೊದಲು ಮೂಲ ಗುತ್ತಿಗೆ ಪತ್ರದಲ್ಲಿ ಒಳಗುತ್ತಿಗೆಗೆ ಅವಕಾಶವಿದೆಯೇ ಎಂದು ಪರಿಶೀಲಿಸಬೇಕು.

ದೋಣಿಯ ಪ್ರಶ್ನೆ ಪ್ರತ್ಯೇಕ. ಮೀನುಗಾರಿಕೆಗೆ ಪಡೆದ ಪರವಾನಿಗೆ ಪ್ರವಾಸಿಗರನ್ನು ಕರೆದೊಯ್ಯುವ ಅನುಮತಿಯಲ್ಲ; ವಿಮಾ ಪಾಲಿಸಿಯೂ ಆ ಉದ್ದೇಶವನ್ನು ಒಳಗೊಂಡಿರಬೇಕು. ಅಳಿವೆ ದಾಟಿ ಸಮುದ್ರಕ್ಕೆ ಹೋಗುವುದಾದರೆ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯಿದೆ ಬರುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷಿದ್ಧ. ಆ ದಿನಗಳಿಗೆ ಮುಂಗಡ ಸ್ವೀಕರಿಸುವುದು ಸಲ್ಲದು.

2. ಅಭಯಾರಣ್ಯ

ಕಾವೇರಿ ತೀರದ ಭೀಮೇಶ್ವರಿಯ ಉದಾಹರಣೆ ಪ್ರತಿಯೊಬ್ಬ ಹೂಡಿಕೆದಾರರೂ ಗಮನಿಸತಕ್ಕದ್ದು. ರಾಜ್ಯ ಸರಕಾರದ ಒಡೆತನದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಕ್ಕೆ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದು ಮರಳಿ ನೀರಿಗೆ ಬಿಡುವ ಆಟಕ್ಕಾಗಿ ವಿದೇಶಗಳಿಂದಲೂ ಹವ್ಯಾಸಿಗಳು ಬರುತ್ತಿದ್ದರು. ಆದರೆ ಆ ಭಾಗ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯಲ್ಲಿ ‘ಪ್ರಾಣಿ’ ಎಂಬ ಪದದ ವ್ಯಾಖ್ಯೆ ಮೀನನ್ನೂ ಒಳಗೊಂಡಿದೆ. ‘ಬೇಟೆ’ಯ ವ್ಯಾಖ್ಯೆಯಲ್ಲಿ ಸೆರೆಹಿಡಿಯುವುದೂ ಅದರ ಪ್ರಯತ್ನವೂ ಸೇರಿವೆ. ಮರಳಿ ಬಿಟ್ಟೆವು ಎಂಬ ಮಾತು ಈ ವ್ಯಾಖ್ಯೆಗಳ ಮುಂದೆ ದುರ್ಬಲ. 2010ರ ದಶಕದ ಆರಂಭದ ವರ್ಷಗಳಲ್ಲಿ ಅಲ್ಲಿ ಗಾಳ ನಿಂತಿತು; ಶಿಬಿರ ಮಾತ್ರ ಉಳಿಯಿತು. ಗಾಳದ ಪರವಾಗಿದ್ದವರ ವಾದವೂ ಹಗುರವಾದುದಲ್ಲ: ಶಿಬಿರದ ಕಾವಲಿನಿಂದಲೇ ಸಿಡಿಮದ್ದಿನ ಹಾವಳಿ ತಗ್ಗಿತ್ತು ಎಂಬುದು ಅವರ ನಿಲುವು. ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ 2018ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜಾತಿಯೆಂದು ದಾಖಲಾಯಿತು. ಉದ್ಯಮಿಗಳು ಗ್ರಹಿಸಬೇಕಾದ ಅಂಶವೆಂದರೆ, ಸರಕಾರಿ ಸಂಸ್ಥೆಯೇ ನಡೆಸುತ್ತಿದ್ದ ಚಟುವಟಿಕೆ ಕೂಡ ಕಾನೂನಿನ ಅರ್ಥೈಸುವಿಕೆ ಬದಲಾದಾಗ ಉಳಿಯಲಿಲ್ಲ.

ನಮ್ಮ ಜಿಲ್ಲೆಯ ಶಿಶಿಲದಲ್ಲಿ ಕಪಿಲಾ ನದಿಯ ಇದೇ ಕುಲದ ಮೀನುಗಳನ್ನು ‘ದೇವರ ಮೀನು’ ಎಂದು ಜನರು ಕಾಪಾಡುತ್ತ ಬಂದಿದ್ದಾರೆ. 1996ರಲ್ಲಿ ಅಲ್ಲಿ ವಿಷಪ್ರಾಶನದಿಂದ ಸಾವಿರಾರು ಮೀನುಗಳು ಸತ್ತವು. ಅವುಗಳಿಗೆ ಸ್ಮಾರಕವನ್ನೂ ನಿರ್ಮಿಸಲಾಗಿದೆ. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿದೆ. ಇಂತಹ ಕ್ಷೇತ್ರಗಳ ಆಸುಪಾಸನ್ನು ಗಾಳದ ಪ್ರವಾಸದ ಪಟ್ಟಿಯಿಂದ ದೂರವಿಡುವುದೇ ವಿವೇಕ.

3. ಖಾಸಗಿ ಕೊಳ ಮತ್ತು ತೆರಿಗೆ

ಸ್ವಂತ ಜಮೀನಿನ ಕೊಳದಲ್ಲಿ ಸಾಕಿದ ಕಾಟ್ಲಾ, ರೋಹು ಮೀನಿಗೆ ಗಾಳ ಹಾಕಿಸುವುದು ಮೂರರಲ್ಲಿ ಹೆಚ್ಚು ಸುಗಮ ಮಾರ್ಗ. ಇಲ್ಲಿ ಎಡವುವುದು ಲೆಕ್ಕದಲ್ಲಿ. ತಾಜಾ ಮೀನಿನ ಮಾರಾಟಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಗಾಳದ ಶುಲ್ಕವಾದರೋ ಮೀನಿನ ಬೆಲೆಯಲ್ಲ, ಮನರಂಜನಾ ಸೇವೆಯ ಪ್ರತಿಫಲ. ಅದು ತೆರಿಗೆಗೆ ಒಳಪಡುತ್ತದೆ. ನೋಂದಣಿಯ ಮಿತಿಯನ್ನು ನಿರ್ಧರಿಸುವಾಗ ವಿನಾಯಿತಿ ಪಡೆದ ವಹಿವಾಟೂ ಒಟ್ಟು ವಹಿವಾಟಿಗೆ ಸೇರುತ್ತದೆ.

ಉದಾಹರಣೆ:
ತಾಜಾ ಮೀನು ಮಾರಾಟ – ರೂ. 18,00,000
ಗಾಳದ ಶುಲ್ಕ – ರೂ. 3,00,000
ಒಟ್ಟು ವಹಿವಾಟು – ರೂ. 21,00,000

ಮೀನು ಮಾತ್ರ ಮಾರುತ್ತಿದ್ದಾಗ ನೋಂದಣಿ ಬೇಕಿರಲಿಲ್ಲ. ಸೇವೆ ಸೇರಿದೊಡನೆ ಮಿತಿ ರೂ. 20 ಲಕ್ಷ; ಅದು ಮೀರಿರುವುದರಿಂದ ನೋಂದಣಿ ಕಡ್ಡಾಯ. ತೆರಿಗೆ ಮಾತ್ರ ರೂ. 3 ಲಕ್ಷದ ಮೇಲೆ. ಆದುದರಿಂದ ಎರಡಕ್ಕೂ ಪ್ರತ್ಯೇಕ ಬಿಲ್ಲು ಮತ್ತು ಪ್ರತ್ಯೇಕ ಖಾತೆ ಇಡತಕ್ಕದ್ದು. ಮೀನು ಸಾಕಣೆಯ ಲಾಭ ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲವೆಂಬುದನ್ನೂ ಮರೆಯಬಾರದು.

ಕರಪತ್ರ ಅಚ್ಚಾಗುವ ಮೊದಲು ಕಡತದಲ್ಲಿ ನಾಲ್ಕು ಕಾಗದಗಳಿರಬೇಕು: ನೀರಿನ ಮೇಲಿನ ಹಕ್ಕಿನ ದಾಖಲೆ, ಸ್ಥಳವು ಅಭಯಾರಣ್ಯದ ಹೊರಗಿದೆಯೆಂಬ ಅರಣ್ಯ ಇಲಾಖೆಯ ಲಿಖಿತ ಉತ್ತರ, ಮೀನುಗಾರಿಕಾ ಇಲಾಖೆಯ ಪರವಾನಿಗೆ ಅಥವಾ ಅದು ಬೇಕಿಲ್ಲವೆಂಬ ಪತ್ರ, ಮತ್ತು ದೋಣಿ ಹಾಗೂ ಪ್ರವಾಸಿಗರ ವಿಮೆ. ಇವುಗಳಲ್ಲಿ ಮೊದಲೆರಡು ಕೈಸೇರುವವರೆಗೆ ಉಳಿದ ವೆಚ್ಚಕ್ಕೆ ಕೈಹಾಕದಿರುವುದು ಲೇಸು.