ಪರಿಗ್ರಹತ್ಯಾಗವೂ ಆಸ್ತಿಯ ವಿಲೇವಾರಿಯೂ

ಸಲ್ಲೇಖನೆಯೆಂದೊಡನೆ ನಮ್ಮ ಶ್ರಾವಕರ ಗಮನವು ಆಹಾರತ್ಯಾಗದ ಕಡೆಗೇ ಹರಿಯುತ್ತದೆ. ಆದರೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿರುವ ಕ್ರಮವೇ ಬೇರೆ. ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಡುವುದು ಮೊದಲು, ಬಂಧುಪರಿಜನರನ್ನು ಕ್ಷಮಿಸಿ ಅವರಿಂದ ಕ್ಷಮೆ ಬೇಡುವುದು ಅದರೊಡನೆ, ಆಮೇಲೆ ಆಲೋಚನೆ. ಅನ್ನ, ಸ್ನಿಗ್ಧಪಾನ, ಖರಪಾನಗಳನ್ನು ಒಂದೊಂದಾಗಿ ತೊರೆಯುವುದು ಇವೆಲ್ಲಕ್ಕೂ ಅನಂತರದ ಮಾತು. ಇಂದಿನ ಕುಟುಂಬಗಳಲ್ಲಿ ಕೈತಪ್ಪುತ್ತಿರುವುದು ಈ ಮೊದಲನೆಯ ಮೆಟ್ಟಿಲೇ. ‘ನನ್ನದಲ್ಲ’ ಎಂದು ಮನಸ್ಸಿನಲ್ಲಿ ಸಂಕಲ್ಪಿಸಿದ ಮಾತ್ರಕ್ಕೆ ಪಹಣಿಯಲ್ಲಿರುವ ಹೆಸರು ಅಳಿಸಿಹೋಗುವುದಿಲ್ಲ.

ಹಿರಿಯರು ಏನನ್ನೂ ಬರೆದಿಡದೆ ತೀರಿಕೊಂಡರೆ ಏನಾಗುತ್ತದೆಂಬುದನ್ನು ಮೊದಲು ತಿಳಿಯಬೇಕು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಅದರಂತೆ ಪುರುಷನ ಸ್ವಾರ್ಜಿತ ಸ್ವತ್ತು ಪತ್ನಿ, ಪುತ್ರರು, ಪುತ್ರಿಯರು ಮತ್ತು ತಾಯಿಗೆ ಸಮಾನವಾಗಿ ಸಲ್ಲುತ್ತದೆ. ಬಸದಿಗೆ, ಆಹಾರದಾನಕ್ಕೆ, ಶಾಸ್ತ್ರದಾನಕ್ಕೆ ಎಂದು ಬಾಯಲ್ಲಿ ಆಡಿದ ಮಾತಿಗೆ ಅಲ್ಲಿ ಸ್ಥಾನವಿಲ್ಲ.

ಆಚಾರ್ಯ ಜಿನಸೇನರು ಆದಿಪುರಾಣದಲ್ಲಿ ನಾಲ್ಕು ಬಗೆಯ ದತ್ತಿಗಳನ್ನು ಹೇಳುತ್ತಾ, ಧನವನ್ನೂ ಧರ್ಮವನ್ನೂ ಕೂಡಿಯೇ ಪುತ್ರನಿಗೆ ಒಪ್ಪಿಸುವುದನ್ನು ಅನ್ವಯದತ್ತಿಯೆಂದು ಗಣಿಸಿದ್ದಾರೆ. ಇದನ್ನು ನೆನೆದು, ಒಂಬತ್ತನೆಯದಾದ ಪರಿಗ್ರಹತ್ಯಾಗ ಪ್ರತಿಮೆಗೆ ಇನ್ನೂ ಏರದವರು ಕೂಡ ವಾಸದ ಮನೆಯನ್ನೇ ಮಗನ ಹೆಸರಿಗೆ ದಾನಪತ್ರ ಮಾಡಿಕೊಡುವುದುಂಟು. ಇಲ್ಲಿ ಎಚ್ಚರಿಕೆ ಬೇಕು. ನೋಂದಣಿಯಾಗಿ ಸ್ವೀಕೃತವಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂತೆಗೆದುಕೊಳ್ಳಲಾಗದು. 2007ರ ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮದ 23ನೆಯ ಪ್ರಕರಣವು ಒಂದು ದಾರಿಯನ್ನು ತೆರೆದಿದೆ: ಪೋಷಿಸಬೇಕೆಂಬ ಷರತ್ತಿನ ಮೇಲೆ ಸ್ವತ್ತನ್ನು ಪಡೆದವನು ಪೋಷಿಸದೆ ಹೋದರೆ, ನ್ಯಾಯಮಂಡಳಿಯು ಆ ಪತ್ರವನ್ನು ರದ್ದುಗೊಳಿಸಬಹುದು. ಷರತ್ತು ಇರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಈ ಕಾನೂನನ್ನು ವೃದ್ಧರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಎಂಬತ್ತರ ವಯಸ್ಸಿನಲ್ಲಿ ಈ ಎರಡು ತೀರ್ಪುಗಳ ನಡುವೆ ನಿಂತು ವಾದಿಸುವುದಕ್ಕಿಂತ, ಪೋಷಣೆಯ ಷರತ್ತನ್ನೂ ಜೀವಮಾನಪರ್ಯಂತದ ವಾಸದ ಹಕ್ಕನ್ನೂ ಪತ್ರದಲ್ಲಿಯೇ ಬರೆಸುವುದು ಲೇಸು. ಮಗನ ಮೇಲೆ ಅಪನಂಬಿಕೆಯೇ ಎಂದು ಯಾರಾದರೂ ಕೇಳಿಯಾರು. ಮಗನ ಕಷಾಯೋದಯವನ್ನು ತಂದೆ ಬಲ್ಲನೆ?

ಪ್ರತಿಮೆಗಳ ಕೆಳಗಿನ ಮೆಟ್ಟಿಲಲ್ಲಿರುವ ಶ್ರಾವಕನಿಗೆ ಉಯಿಲೇ ತಕ್ಕುದೆಂದು ನಮ್ಮ ಅಭಿಪ್ರಾಯ. ಒಡೆತನ ಉಳಿದರೆ ಪರಿಗ್ರಹವೂ ಉಳಿಯಿತಲ್ಲವೇ ಎಂಬ ಆಕ್ಷೇಪವಿದೆ. ಅಣುವ್ರತಿಗೆ ವಿಧಿಸಿರುವುದು ಪರಿಮಾಣ; ತಲೆಯ ಮೇಲೊಂದು ಸೂರು, ಔಷಧ ಹಾಗೂ ಶುಶ್ರೂಷೆಗೆ ಬೇಕಾದ ಠೇವಣಿ, ಇಷ್ಟಕ್ಕೆ ಮಿತಿಯಿಟ್ಟು ಮಿಕ್ಕುದನ್ನು ಬದುಕಿರುವಾಗಲೇ ದಾನ ಮಾಡಿದರೆ ವ್ರತಕ್ಕೆ ಕುಂದಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಮಾಡಿಸಿದರೆ ಮುಂದಿನ ವಿವಾದಕ್ಕೆ ತಡೆಯಾದೀತು. ಇಬ್ಬರು ಸಾಕ್ಷಿಗಳು ಸಹಿಯನ್ನು ಕಂಡು ತಾವೂ ಸಹಿ ಹಾಕಬೇಕು. ಫಲ ಪಡೆಯುವವರನ್ನು ಸಾಕ್ಷಿಯಾಗಿಸದಿರುವುದು ಒಳ್ಳೆಯದು. ಬ್ಯಾಂಕಿನಲ್ಲಿ ನಾಮನಿರ್ದೇಶನ ಮಾಡಿದೆನೆಂದು ಸುಮ್ಮನಿರಬಾರದು. ನಾಮನಿರ್ದೇಶಿತನು ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನೇ ಹೊರತು ಅದರಿಂದಲೇ ಒಡೆಯನಾಗುವುದಿಲ್ಲ.

ಮರೆವಿನ ರೋಗದ ವಿಷಯದಲ್ಲಿ ಹಲವರು ಪವರ್ ಆಫ್ ಅಟಾರ್ನಿಯನ್ನು ನಂಬುತ್ತಾರೆ. ಬರೆದುಕೊಟ್ಟವನ ಬುದ್ಧಿಸ್ಥಿಮಿತ ತಪ್ಪಿದೊಡನೆ ಅದು ಕೊನೆಗೊಳ್ಳುತ್ತದೆ. ಬೇಕಾದ ಹೊತ್ತಿಗೇ ಕೈಕೊಡುವ ಪತ್ರವದು. ನಿತ್ಯದ ಖರ್ಚಿಗೆ ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ ಹೆಚ್ಚು ಉಪಯುಕ್ತ. ಹತ್ತನೆಯ ಅನುಮತಿತ್ಯಾಗ ಪ್ರತಿಮೆಯನ್ನು ಧರಿಸಿದವರ ಮುಂದೆ ಲೌಕಿಕ ಕಾಗದಗಳನ್ನು ಸಹಿಗಾಗಿ ಹಿಡಿಯುವ ಪ್ರಸಂಗವೂ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ಚಿಕಿತ್ಸೆಯ ವಿಚಾರ. ಗುಣವಾಗದ ರೋಗದ ಕೊನೆಯಲ್ಲಿ ಕೃತಕ ಉಸಿರಾಟದಂತಹ ಉಪಾಯಗಳು ಬೇಡವೆಂದು ಮುಂಚಿತವಾಗಿ ಬರೆದಿಡಲು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಮ್ಮತಿಸಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತಮ್ಮ ಪರವಾಗಿ ಮಾತನಾಡಬೇಕಾದವರ ಹೆಸರನ್ನು ಅದರಲ್ಲಿ ನಮೂದಿಸಬೇಕು. ರೋಗಿ ತಾನೇ ನಿರ್ಧರಿಸಲಾರದ ಸ್ಥಿತಿಯಲ್ಲಿದ್ದಾಗ ಎರಡು ವೈದ್ಯಮಂಡಳಿಗಳು ಪರಿಶೀಲಿಸಿದ ಮೇಲೆ ಅದು ಜಾರಿಗೆ ಬರುತ್ತದೆ. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆಯನ್ನು ಹೊರಡಿಸಿದೆ.

ಈ ಪತ್ರವನ್ನು ಸಲ್ಲೇಖನೆಯೊಡನೆ ಬೆರೆಸಬಾರದು. ಸಲ್ಲೇಖನೆಗೆ ಜಾಗೃತಚಿತ್ತವೇ ಆಧಾರ. ಈ ಪತ್ರವು ಚಿತ್ತ ಜಾಗೃತವಾಗಿಲ್ಲದ ಸ್ಥಿತಿಗಾಗಿ ಇರುವುದು. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಂಥಾರಾ ವ್ರತವನ್ನು ಅಪರಾಧವೆಂದು ಪರಿಗಣಿಸಬೇಕೆಂದಾಗ, ಆ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿದುದು ಬೇರೆಯೇ ಪ್ರಕರಣ. ವ್ರತದ ಅಪೇಕ್ಷೆಯನ್ನು ಗುರುಗಳ ಸನ್ನಿಧಿಯಲ್ಲಿ ನಿವೇದಿಸಿಕೊಳ್ಳಬೇಕು. ಚಿಕಿತ್ಸೆಯ ಪತ್ರದ ಒಂದೊಂದು ಪ್ರತಿಯನ್ನು ಹೆಸರಿಸಿದವರಿಗೂ ಮನೆಯ ವೈದ್ಯರಿಗೂ ಕೊಟ್ಟಿರಬೇಕು. ಬೀರುವಿನೊಳಗೆ ಬೀಗ ಹಾಕಿಟ್ಟ ಪತ್ರವು ಆಸ್ಪತ್ರೆಯಲ್ಲಿ ಬೇಕಾದ ರಾತ್ರಿ ಯಾರ ಕೈಗೂ ಸಿಗದು.