ದಿನಾ ಮಾಡಿದ್ದಷ್ಟೇ ಉಳಿಯುತ್ತದೆ

ತಮ್ಮಾ, ಜನವರಿ ಒಂದಕ್ಕೆ ಹೊಸ ಬೂಟು ಕೊಂಡು, ಸಂಕ್ರಾಂತಿ ಮುಗಿಯುವಷ್ಟರಲ್ಲಿ ಅದನ್ನು ಮಂಚದ ಕೆಳಗೆ ತಳ್ಳಿದವರು ಜಹೀರಾಬಾದಿನಲ್ಲಿ ಎಷ್ಟು ಮಂದಿ ಅಂತ ಎಣಿಸಲು ಕೂತರೆ ಬೆಳಗಾದೀತು. ನಾರಾಯಣಖೇಡದವರು, ತಾಂಡೂರಿನವರು ಇದರಲ್ಲಿ ಹಿಂದೆ ಬಿದ್ದಿಲ್ಲ. ಹಾಗಂತ ಇವರು ಯಾರೂ ಮೈಗಳ್ಳರಲ್ಲ. ಶಿಫ್ಟ್ ದುಡಿಯುವವರು, ಹೊಲ ಮಾಡುವವರು, ಹೊತ್ತು ಮೂಡುವ ಮೊದಲೇ ಅಂಗಡಿ ಬಾಗಿಲು ತೆರೆಯುವವರು. ಮೊದಲ ದಿನವೇ ಐದು ಕಿಲೋಮೀಟರ್ ಓಡಿದರು, ಮೂರನೇ ದಿನ ಮೊಣಕಾಲು ಹಿಡಿಯಿತು, ವಾರದೊಳಗೆ ನೆಂಟರ ಮದುವೆ ಬಂತು, ಅಲ್ಲಿಗೆ ಮಂಗಳಾರತಿ. ಹಿರಿಯರು ಇದಕ್ಕೇ ಆರಂಭಶೂರತನ ಅಂದದ್ದು.

ನಡೆಯುವ ಶಕ್ತಿ ಇಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಶ್ರಾವಣ ಸೋಮವಾರ ಬಂದರೆ ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ಇದೇ ಜನ ಬರಿಗಾಲಲ್ಲಿ ನಡೆದು ಹೋಗುತ್ತಾರೆ. ಅಂಗಾಲಲ್ಲಿ ಬೊಬ್ಬೆ ಎದ್ದರೂ ನಗುನಗುತ್ತಾ ಸಾಗುತ್ತಾರೆ. ಮರುದಿನ ಹಾಲಿನ ಪ್ಯಾಕೆಟ್ ತರಲು ಓಣಿಯ ತುದಿಗೆ ಹೋಗಬೇಕಾದರೆ ಗಾಡಿಗೆ ಕಿಕ್ ಹೊಡೆಯುತ್ತಾರೆ! ವರ್ಷಕ್ಕೊಂದು ದಿನ ಮೈ ಮುರಿದು ನಡೆದದ್ದು ಪುಣ್ಯಕ್ಕಾಯಿತು. ಮೈಗೆ ಬೇಕಾದ್ದು ಉಳಿದ ದಿನಗಳ ನಡಿಗೆ.

ನಮ್ಮ ಕನ್ನಡವನ್ನೇ ನೋಡು. ಜಹೀರಾಬಾದು, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ಮೂರೂ ಆಂಧ್ರಪ್ರದೇಶದ ಪಾಲಾದವು, 2014ರಿಂದ ತೆಲಂಗಾಣದಲ್ಲಿವೆ. ಕಚೇರಿಯ ಕಾಗದ ಬದಲಾಯಿತು, ಬಸ್ಸಿನ ಬೋರ್ಡು ಬದಲಾಯಿತು. ಆದರೂ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಕನ್ನಡ ಗಟ್ಟಿಯಾಗಿದೆ. ವರ್ಷಕ್ಕೊಮ್ಮೆ ರಾಜ್ಯೋತ್ಸವದ ಭಾಷಣ ಮಾಡಿ ಅದನ್ನು ಯಾರೂ ಉಳಿಸಲಿಲ್ಲ. ಅಜ್ಜಿ ಮೊಮ್ಮಗನಿಗೆ ದಿನಾ “ಉಂಡ್ಯೇನೋ?” ಅಂತ ಕೇಳಿದಳು, ಅವನು ಅದೇ ಮಾತಿನಲ್ಲಿ ಉತ್ತರ ಕೊಟ್ಟ, ಹಾಗೆ ಉಳಿಯಿತು. ದಿನದ ಬಳಕೆ ನಿಂತ ಮನೆಯಲ್ಲಿ ಒಂದೇ ತಲೆಮಾರಿಗೆ ಹೊರಟುಹೋಯಿತು. ವ್ಯಾಯಾಮದ ಲೆಕ್ಕವೂ ಇಷ್ಟೇ. ಸ್ವಲ್ಪವಾದರೂ ಸರಿ, ದಿನಾ ಬಳಕೆಯಲ್ಲಿರಬೇಕು.

ನಮ್ಮ ಅವ್ವಂದಿರ ಕಾಲದಲ್ಲಿ ವ್ಯಾಯಾಮ ಅಂತ ಬೇರೆ ಇರಲಿಲ್ಲ. ನಸುಕಿನಲ್ಲಿ ಬೀಸುವ ಕಲ್ಲು, ಆಮೇಲೆ ಬಾವಿಯ ನೀರು, ಆಮೇಲೆ ತೊಗರಿ ಹೊಲದ ಕಳೆ. ಈಗ ಗಿರಣಿ ಇದೆ, ಬಟನ್ ಒತ್ತಿದರೆ ಬೋರಿನ ನೀರು ಬರುತ್ತದೆ, ಉಳುವ ಟ್ರ್ಯಾಕ್ಟರ್ ಅಂತೂ ನಮ್ಮ ಜಹೀರಾಬಾದಿನಲ್ಲೇ ತಯಾರಾಗುತ್ತದೆ. ಒಳ್ಳೆಯದೇ ಆಯಿತು, ಆ ಕಷ್ಟ ಮರಳಿ ಬರುವುದು ಬೇಡ. ಆದರೆ ಜೋಳದ ರೊಟ್ಟಿ ಇದ್ದ ತಟ್ಟೆಗೆ ಎರಡು ಹೊತ್ತು ಅನ್ನ ಬಂತು, ಕೈಕಾಲಿನ ಕೆಲಸ ಮಾತ್ರ ಕಳೆದುಹೋಯಿತು. ಐಸಿಎಂಆರ್ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. 2024ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಬೇಕಾದಷ್ಟು ಮೈದುಡಿತ ಇಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ತಾಂಡೂರಿನ ಕಲ್ಲಿನ ಅಂಗಡಿಗಳನ್ನು ನೀನೂ ನೋಡಿದ್ದೀಯ. ಹೊರಗೆ ಚಪ್ಪಡಿಗಳನ್ನು ಸಾಲಾಗಿ ಒರಗಿಸಿರುತ್ತಾರೆ, ಹಮಾಲರು ಇಬ್ಬಿಬ್ಬರಾಗಿ ಹಿಡಿದು ಲಾರಿಗೆ ಏರಿಸುತ್ತಿರುತ್ತಾರೆ. ಒಳಗೆ ಮಾಲೀಕ ಗಾದಿಯ ಮೇಲೆ, ಮುಂದೆ ಲೆಕ್ಕದ ಪುಸ್ತಕ, ಎರಡು ಫೋನು, ಗಳಿಗೆಗೊಂದು ಚಹಾ. ಹಮಾಲ ಸೊಂಟನೋವಿಗೆ, ಮಾಲೀಕ ಸಕ್ಕರೆಗೆ ಅಂತ ಕೊನೆಗೆ ಇಬ್ಬರೂ ಒಂದೇ ದವಾಖಾನೆಯ ಬೆಂಚಿನ ಮೇಲೆ ಕೂತಿರುತ್ತಾರೆ. ಹಮಾಲನಿಗೆ ಬೇಕಾದ್ದು ವಿಶ್ರಾಂತಿ, ಬೆನ್ನು ಹೊಟ್ಟೆಗೆ ಬಲ ಕೊಡುವ ನಾಲ್ಕು ಆಸನ. ಮಾಲೀಕನಿಗೆ ಬೇಕಾದ್ದು ಗಾದಿ ಬಿಟ್ಟು ಏಳುವುದು. ಫೋನು ಬಂದಾಗಲೆಲ್ಲ ಎದ್ದು ನಿಂತು, ಅಂಗಳದಲ್ಲಿ ಓಡಾಡುತ್ತಾ ಮಾತಾಡಿದರೂ ಸಂಜೆಗೆ ಎಷ್ಟೋ ನಡಿಗೆ ಕೂಡಿಬರುತ್ತದೆ.

ಕೂತು ದುಡಿಯುವವರ ಸುದ್ದಿ ಇಂದು ನಿನ್ನೆಯದಲ್ಲ. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಮಹಡಿ ಬಸ್ಸಿನ ಡ್ರೈವರು, ಕಂಡಕ್ಟರುಗಳ ಆರೋಗ್ಯವನ್ನು ಹೋಲಿಸಿ 1953ರಲ್ಲಿ ಪ್ರಕಟಿಸಿದರು. ಬಸ್ಸು ಒಂದೇ, ಊರು ಒಂದೇ. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗಿಂತ ಸೀಟು ಬಿಟ್ಟೇಳದ ಡ್ರೈವರಿಗೆ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಕಂಡಕ್ಟರು ಜಿಮ್ಮಿಗೆ ಹೋಗಿರಲಿಲ್ಲ, ಟಿಕೆಟ್ ಹರಿದುಕೊಟ್ಟಿದ್ದ ಅಷ್ಟೇ.

ಎಷ್ಟು ಮಾಡಿದರೆ ಸಾಕು ಅಂತ ಕೇಳುತ್ತೀ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಅಥವಾ ಅಷ್ಟೇ ತೂಕದ ಕೆಲಸ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಚುರುಕು ಅಂದರೆ ಅಷ್ಟು. ಇದನ್ನು ಹತ್ತು ಹತ್ತು ನಿಮಿಷವಾಗಿ ಒಡೆದುಕೊಂಡರೂ ನಡೆಯುತ್ತದೆ. ಹತ್ತು ಸಾವಿರ ಹೆಜ್ಜೆಯ ಸಂಖ್ಯೆಗೆ ಹೆದರಬೇಡ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಅದು ಚಾಲ್ತಿಗೆ ಬಂತು. ಅಮೆರಿಕದಲ್ಲಿ ವಯಸ್ಸಾದ ಹೆಂಗಸರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಇಳಿದಿತ್ತು, 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಇನ್ನು ಹೇಗೆ ಮಾಡಬೇಕು ಅನ್ನುವುದು. “ಟೈಮ್ ಸಿಕ್ಕಾಗ ಮಾಡುತ್ತೇನೆ” ಅಂದವನಿಗೆ ಟೈಮ್ ಸಿಗುವುದೇ ಇಲ್ಲ. ದಿನಾ ತಪ್ಪದೆ ನಡೆಯುವ ಯಾವುದಾದರೂ ಒಂದು ಕೆಲಸದ ಬಾಲಕ್ಕೆ ವ್ಯಾಯಾಮವನ್ನು ಗಂಟು ಹಾಕು. ರಾತ್ರಿ ಊಟವಾಯಿತು, ತಟ್ಟೆ ತೊಳೆಯಲು ಇಟ್ಟೆ, ಕೈ ಒರೆಸಿಕೊಂಡೆ, ಚಪ್ಪಲಿ ಮೆಟ್ಟಿದೆ. ನಡುವೆ ಸೋಫಾದ ಮೇಲೆ ಕೂತೆಯೋ, ಆ ದಿನ ಕೆಟ್ಟಿತು ಅಂತಲೇ ತಿಳಿ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆದರೆ ರಕ್ತದಲ್ಲಿ ಸಕ್ಕರೆ ಏರುವುದೂ ಹತೋಟಿಗೆ ಬರುತ್ತದೆ.

ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಹುಡುಗರಿಗೆ ಗಡಿಯಾರದ ಹೊತ್ತು ಆಗಿಬರುವುದಿಲ್ಲ. ಈ ವಾರ ಬೆಳಗಿನ ಆರಕ್ಕೆ ಡ್ಯೂಟಿ, ಮುಂದಿನ ವಾರ ರಾತ್ರಿ. ಅವರು “ಎದ್ದ ಮೇಲೆ, ಚಹಾಕ್ಕೆ ಮೊದಲು” ಅಂತ ಇಟ್ಟುಕೊಳ್ಳಲಿ, ಎದ್ದದ್ದು ಎಷ್ಟು ಗಂಟೆಗಾದರೂ ಆಗಲಿ. ಪಕ್ಕದ ಮನೆಯ ಸಾಬರು ರಂಜಾನ್ ತಿಂಗಳಲ್ಲಿ ಬೆಳಗಿನ ನಡಿಗೆಯನ್ನು ತರಾವೀಹ್ ನಮಾಜಿನ ನಂತರಕ್ಕೆ ಸರಿಸಿಕೊಳ್ಳುವುದನ್ನು ನೋಡು. ಹೊತ್ತು ಬದಲಾಯಿತು, ನಡಿಗೆ ನಿಲ್ಲಲಿಲ್ಲ. ಹೆಂಗಸರಿಗೆ ನಾನು ಹೇಳುವುದು, ಓಣಿಯಲ್ಲಿ ಒಬ್ಬ ಜೊತೆಗಾತಿಯನ್ನು ಹುಡುಕಿಕೊಳ್ಳಿ ಅಂತ. “ಯಾಕವ್ವಾ, ನಿನ್ನೆ ಕಾಣಲಿಲ್ಲ?” ಅಂತ ಒಬ್ಬಳು ಕೇಳುತ್ತಾಳೆ ಅನ್ನುವ ದಾಕ್ಷಿಣ್ಯಕ್ಕೇ ಅರ್ಧ ದಿನ ಮನೆಯಿಂದ ಹೊರಗೆ ಬೀಳುತ್ತೀರಿ. ಮನೆಗೆಲಸ ಸಾಕಷ್ಟಿದೆ ಅನ್ನಬೇಡಿ. ಅದು ದಣಿಸುತ್ತದೆ, ಎದೆಬಡಿತ ಏರುವಷ್ಟು ಚುರುಕು ಅದರಲ್ಲಿ ಎಲ್ಲ ದಿನವೂ ಇರುವುದಿಲ್ಲ.

ನಡಿಗೆಯ ಜೊತೆಗೆ ಬಲವೂ ಬೇಕು. ಅದಕ್ಕೆ ನಮ್ಮ ಸೀಮೆಯ ತಾಲೀಮಿನ ವಿದ್ಯೆಯೇ ಸಾಕು. ಜಾತ್ರೆಯಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಯವರೆಗೆ ನಿಂತು ನೋಡುತ್ತೀಯಲ್ಲ, ಆ ಪೈಲ್ವಾನರ ತೊಡೆ, ಭುಜ ತಯಾರಾದದ್ದು ದಂಡ, ಬೈಠಕ್‌ನಿಂದ. ನೀನು ಕುಸ್ತಿ ಹಿಡಿಯಬೇಕಾಗಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರು, ಗೋಡೆಗೆ ಅಂಗೈ ಊರಿ ಹತ್ತು ಸಲ ದಂಡ ಹೊಡೆ. ಸಲೀಸಾದಾಗ ಎರಡು ಕೂಡಿಸು. ಮೊಣಕಾಲು ನೋವು ಅನ್ನುವ ಎಷ್ಟೋ ಮಂದಿಗೆ ತೊಡೆಯ ಬಲ ಬಂದ ಹಾಗೆ ನೋವು ಇಳಿಯುತ್ತದೆ.

ಹವೆ, ರಸ್ತೆಯ ಮಾತೂ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಕೊಹೀರಿನ ಕಡೆ ಚಳಿ ಇಡೀ ತೆಲಂಗಾಣಕ್ಕೇ ಹೆಸರುವಾಸಿ. ಆಗ ಬಿಸಿಲು ಬಿದ್ದ ಮೇಲೆ ಹೊರಡು, ವಯಸ್ಸಾದವರಂತೂ ಕಿವಿ ಮುಚ್ಚಿಕೊಂಡೇ ಹೊರಡಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತು ಏರುವ ಮೊದಲೇ ಮುಗಿಸು. ತಾಂಡೂರಿನಲ್ಲಿ ಕಲ್ಲು, ಸಿಮೆಂಟಿನ ಲಾರಿ ಓಡುವ ರಸ್ತೆ ಬೇಡ, ಆ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಜಹೀರಾಬಾದಿನವರು ನಸುಕಿನ ಕತ್ತಲಲ್ಲಿ 65ನೇ ನಂಬರಿನ ಹೆದ್ದಾರಿಗೆ ಇಳಿಯಬೇಡಿ. ಶಾಲೆಯ ಮೈದಾನವಿದೆ, ಕಾಲೋನಿಯ ಒಳರಸ್ತೆ ಇದೆ. ಮಳೆ ಹಿಡಿದ ದಿನ ಮನೆಯ ಮೆಟ್ಟಿಲು ಸಾಕು. ನಾರಾಯಣಖೇಡದ ಸುತ್ತಿನ ರೈತರಿಗೆ ತೊಗರಿ ಕೊಯ್ಲಿನ ದಿನಗಳಲ್ಲಿ ಬೇರೆ ವ್ಯಾಯಾಮ ಬೇಕಿಲ್ಲ, ರಾತ್ರಿ ಬೆನ್ನು ಚಾಚಿ ಮಲಗಿದರೆ ಸಾಕು. ಸುಗ್ಗಿ ಮುಗಿದು ಕಟ್ಟೆಯ ಮೇಲೆ ಹರಟೆ ಶುರುವಾಗುತ್ತದಲ್ಲ, ಆಗ ನೆನಪಿಡಬೇಕು.

ಎಷ್ಟು ದಿನಕ್ಕೆ ರೂಢಿಯಾಗುತ್ತದೆ? 21 ದಿನ ಅಂತ ವಾಟ್ಸಾಪಿನಲ್ಲಿ ಓದಿರುತ್ತೀ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254. ನೀರು ಕುಡಿಯುವಂಥ ಸಣ್ಣ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಬೇಕಾಯಿತು. ಅದರಲ್ಲಿ ನನಗೆ ಹಿಡಿಸಿದ ಮಾತು ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದು ಕೆಡುವುದಿಲ್ಲ. ಹಾಗಾಗಿ ಮದುವೆ, ಜಾತ್ರೆ, ಜ್ವರ ಅಂತ ತಪ್ಪಿದರೆ ಮೋರೆ ಸಣ್ಣ ಮಾಡಿಕೊಳ್ಳಬೇಡ, ಮರುದಿನ ಎರಡರಷ್ಟು ಮಾಡಿ ತೀರಿಸಲೂ ಹೋಗಬೇಡ. ಎಂದಿನಷ್ಟೇ ಮಾಡು. ಹತ್ತು ನಿಮಿಷ ಆಗದಿದ್ದರೆ ಐದು.

ಸಕ್ಕರೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡೇ ಹೊರಡಬೇಕು. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಶುರು ಮಾಡಲಿ. ನಡೆಯುವಾಗ ಎದೆ ಬಿಗಿದರೆ, ತಲೆ ತಿರುಗಿದರೆ “ಗ್ಯಾಸ್ ಇರಬೇಕು” ಅನ್ನದೆ ಅಲ್ಲೇ ನಿಂತು ದವಾಖಾನೆಯ ದಾರಿ ಹಿಡಿಯಬೇಕು.

ಬೂಟು, ಟ್ರ್ಯಾಕ್ ಪ್ಯಾಂಟು, ಕೈಗೆ ಕಟ್ಟುವ ಗಡಿಯಾರ ಎಲ್ಲ ಆಮೇಲೆ ಕೊಂಡರಾಯಿತು. ಎರಡು ತಿಂಗಳು ಬಿಡದೆ ನಡೆದು ತೋರಿಸು, ಬೂಟು ನಾನೇ ಕೊಡಿಸುತ್ತೇನೆ.