ಗಡಿಗೆಯೊಳಗಿನ ಗೋಲಿಗಳು

ಸಿರುಗುಪ್ಪದ ಸುತ್ತಣ ನೀರಾವರಿ ನೆಲದಲ್ಲಿ ಎಲ್ಲ ಗದ್ದೆಗಳೂ ಒಂದೇ ಸಮನಲ್ಲ. ಒಂದು ಮಡಿ ಫಲವತ್ತಾಗಿದ್ದರೆ ಇನ್ನೊಂದು ಚೌಳು ಹಿಡಿದಿರುತ್ತದೆ. ಬತ್ತದ ಎರಡು ತಳಿಗಳನ್ನು ಹೋಲಿಸುವವನು ತನಗೆ ಮೆಚ್ಚಾದ ತಳಿಯನ್ನು ಒಳ್ಳೆಯ ಮಡಿಗೇ ಹಾಕಿದರೆ ಪರೀಕ್ಷೆಯು ಸುಳ್ಳಾಗುವುದು. ಆದುದರಿಂದ ಯಾವ ಮಡಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕೆಂದು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ತೋರಿಸಿಕೊಟ್ಟನು. ಇದೇ ಯಾದೃಚ್ಛಿಕ ಹಂಚಿಕೆ.

ಹೊಲದ ಈ ಕ್ರಮವು ಆಸ್ಪತ್ರೆಗೂ ಬಂದಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 1948ರಲ್ಲಿ ಪ್ರಕಟಿಸಿದ ಕ್ಷಯರೋಗದ ಪರೀಕ್ಷೆಯಲ್ಲಿ 55 ರೋಗಿಗಳಿಗೆ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಉಳಿದ 52 ಮಂದಿಗೆ ಹಾಸಿಗೆಯ ವಿಶ್ರಾಂತಿಯೊಂದೇ ಚಿಕಿತ್ಸೆ. ಆರು ತಿಂಗಳಲ್ಲಿ ಮೊದಲನೆಯ ಗುಂಪಿನಲ್ಲಿ 4 ಮಂದಿಯೂ ಎರಡನೆಯದರಲ್ಲಿ 14 ಮಂದಿಯೂ ತೀರಿಕೊಂಡರು. ಆಗ ಆ ಔಷಧವು ಎಲ್ಲರಿಗೂ ಸಾಲುವಷ್ಟಿರಲಿಲ್ಲವೆಂಬುದನ್ನು ಮರೆಯಬಾರದು.

ಬತ್ತದ ಮಡಿಗೆ ನೋವಿಲ್ಲ. ಬಳ್ಳಾರಿಯ ಆಸ್ಪತ್ರೆಯ ಹೊರಗೆ ಕುಳಿತ ತಾಯಿಗಾದರೋ ತನ್ನ ಮಗುವಿನ ಪಾಲಿಗೆ ಯಾವ ಚೀಟಿ ಬಂದಿತೆಂಬುದೇ ಸರ್ವಸ್ವ. ಒಂದು ಚಿಕಿತ್ಸೆಯು ಮೇಲೆಂದು ನಡುವೆಯೇ ತೋರತೊಡಗಿದರೆ, ಮುಂದಿನ ರೋಗಿಗೂ ಸಮಪಾಲಿನ ಚೀಟಿಯನ್ನೇ ಎತ್ತಬೇಕೆ? ಕುರುಗೋಡಿನ ರೈತನು ಹಾಗೆ ಮಾಡನು. ಹೊಸ ಬೀಜವನ್ನು ಮೊದಲು ಅರ್ಧ ಎಕರೆಗೆ ಬಿತ್ತಿ, ಇಳುವರಿಯನ್ನು ಕಂಡು, ಮರುವರ್ಷ ಎರಡು ಎಕರೆಗೆ ಬಿತ್ತುವನು. ಈ ಲೋಕಾನುಭವಕ್ಕೆ ಅಮೆರಿಕದ ವಿಲಿಯಂ ಥಾಂಪ್ಸನ್ 1933ರಲ್ಲಿಯೇ ಗಣಿತದ ರೂಪವನ್ನು ಕೊಟ್ಟಿದ್ದನು. 1978ರಲ್ಲಿ ವೇ ಮತ್ತು ಡರ್ಹಮ್ ಎಂಬವರು ಸುಲಭವಾದ ಉಪಾಯವೊಂದನ್ನು ಸೂಚಿಸಿದರು. ಗಡಿಗೆಯೊಂದರಲ್ಲಿ ಎರಡು ಬಣ್ಣದ ಗೋಲಿಗಳಿವೆಯೆಂದು ಭಾವಿಸಿರಿ; ಒಂದೊಂದು ಬಣ್ಣಕ್ಕೆ ಒಂದೊಂದು ಚಿಕಿತ್ಸೆ. ಕಣ್ಣು ಮುಚ್ಚಿ ಒಂದನ್ನು ತೆಗೆದು, ಅದು ಸೂಚಿಸುವ ಚಿಕಿತ್ಸೆಯನ್ನು ರೋಗಿಗೆ ನೀಡಿ, ಗೋಲಿಯನ್ನು ಮರಳಿ ಹಾಕಬೇಕು. ಗುಣವಾದರೆ ಅದೇ ಬಣ್ಣದ, ಇಲ್ಲವಾದರೆ ಇನ್ನೊಂದು ಬಣ್ಣದ ಗೋಲಿಯನ್ನು ಹೊಸದಾಗಿ ಸೇರಿಸಬೇಕು.

ಉಸಿರಾಟ ಕೆಟ್ಟ ನವಜಾತ ಶಿಶುಗಳ ರಕ್ತಕ್ಕೆ ದೇಹದ ಹೊರಗೆ ಆಮ್ಲಜನಕ ಬೆರೆಸಿ ಮರಳಿಸುವ ಯಂತ್ರವನ್ನು ಅಮೆರಿಕದ ಮಿಷಿಗನ್‌ನಲ್ಲಿ ರಾಬರ್ಟ್ ಬಾರ್ಟ್ಲೆಟ್ ಮತ್ತು ಸಂಗಡಿಗರು ಈ ಕ್ರಮದಿಂದಲೇ ಪರೀಕ್ಷಿಸಿ, 1985ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ಶಿಶುವಿಗೆ ಯಂತ್ರ ಬಂದಿತು, ಬದುಕಿತು. ಎರಡನೆಯದಕ್ಕೆ ಹಳೆಯ ಚಿಕಿತ್ಸೆ ಬಂದಿತು, ಉಳಿಯಲಿಲ್ಲ. ಗಡಿಗೆಯಲ್ಲಿ ಈಗ ಯಂತ್ರದ ಗೋಲಿಗಳು ಮೂರು, ಹಳೆಯದರದು ಒಂದೇ. ಮುಂದಿನ ಹತ್ತು ಶಿಶುಗಳಿಗೂ ಯಂತ್ರವೇ ದೊರೆತು, ಹತ್ತೂ ಬದುಕಿದವು.

ಹನ್ನೊಂದು ಮಕ್ಕಳು ಉಳಿದರು. ಆದರೂ ವಿದ್ವಾಂಸರು ಒಪ್ಪಲಿಲ್ಲ. ಹಳೆಯ ಚಿಕಿತ್ಸೆಯ ಪಾಲಿಗೆ ಬಂದುದು ಒಂದೇ ಶಿಶು. ಅದು ಮೊದಲೇ ಹೆಚ್ಚು ದುರ್ಬಲವಾಗಿದ್ದಿರಬಹುದಲ್ಲವೆ? ರೈತನ ಎರಡನೆಯ ವರ್ಷ ಮಳೆಯೇ ಚೆನ್ನಾಗಿ ಬಂದಿದ್ದರೆ ಹೊಗಳಿಕೆ ಬೀಜಕ್ಕೆ ಸಲ್ಲಬೇಕೋ ಮಳೆಗೋ? ಆಕ್ಷೇಪವು ನ್ಯಾಯವಾದುದೇ. ಕೊನೆಗೆ ಬ್ರಿಟನ್ನಿನಲ್ಲಿ 185 ಶಿಶುಗಳನ್ನು ಸಮಪಾಲಿನಲ್ಲಿ ಹಂಚಿ ಪರೀಕ್ಷಿಸಲಾಯಿತು. ಯಂತ್ರ ಪಡೆಯಬೇಕಾಗಿದ್ದ 93 ಶಿಶುಗಳಲ್ಲಿ 30 ತೀರಿಕೊಂಡವು. ಉಳಿದ 92ರಲ್ಲಿ 54. ಫಲಿತಾಂಶವು 1996ರಲ್ಲಿ ಪ್ರಕಟವಾಯಿತು. ಅಂತರವು ಸ್ಪಷ್ಟವಾದೊಡನೆ, ಮೇಲ್ವಿಚಾರಣಾ ಸಮಿತಿಯ ಸಲಹೆಯಂತೆ, ಹೊಸ ಶಿಶುಗಳನ್ನು ಸೇರಿಸಿಕೊಳ್ಳುವುದನ್ನು ಅವಧಿಗೆ ಮುನ್ನವೇ ನಿಲ್ಲಿಸಿದ್ದರು.